ಅಪ್ಪನ ಅಂಜಿಕೆ

ಚಿತ್ರದುರ್ಗ ಸೀಮೆಯಲ್ಲಿ ಹುಡುಗನೊಬ್ಬ ಹಾದಿ ತಪ್ಪಿದನೆಂದರೆ ಊರವರ ಬಾಯಲ್ಲಿ ಮೊದಲು ಬರುವ ಮಾತು, ‘ಅವನಿಗೆ ಅಪ್ಪನ ಅಂಜಿಕೆ ಇಲ್ಲ’. ಅಂಜು ಎಂಬ ಕ್ರಿಯಾಪದ ಕನ್ನಡದಲ್ಲಿ ಬಹಳ ಹಳೆಯದು. ಗಂಡಸಿನ ಹೊಗಳಿಕೆಗೆ ಬರುವಾಗ ಮಾತ್ರ ಅದು ‘ಅಂಜದ’ ಎಂದಾಗಿಯೇ ಬರುತ್ತದೆ. 1988ರ ರವಿಚಂದ್ರನ್ ಚಿತ್ರದ ಹೆಸರೇ ‘ಅಂಜದ ಗಂಡು’. ಆದರೆ ‘ಅಪ್ಪನ ಅಂಜಿಕೆ’ ಎಂಬ ಎರಡು ಪದಗಳನ್ನು ಒಮ್ಮೆ ನಿಧಾನವಾಗಿ ಓದಿ. ಅಪ್ಪನನ್ನು ಕಂಡರೆ ಮಕ್ಕಳಿಗಿರುವ ಅಂಜಿಕೆ ಎಂದೂ ಆಗುತ್ತದೆ, ಅಪ್ಪನೊಳಗೇ ಇರುವ ಅಂಜಿಕೆ ಎಂದೂ ಆಗುತ್ತದೆ. ವ್ಯಾಕರಣ ಎರಡನ್ನೂ ಒಪ್ಪುತ್ತದೆ. ರೂಢಿ ಮೊದಲನೆಯದನ್ನಷ್ಟೇ ಕೇಳಿಸಿಕೊಳ್ಳುತ್ತದೆ. ಆ ಎರಡನೆಯ ಅರ್ಥವನ್ನು ಬಾಯಿಬಿಟ್ಟು ಹೇಳಲು ಕಲಿಯದೆ ಗಂಡಸು ಅಪ್ಪನಾಗಿ ಬೆಳೆಯಲಾರ ಎಂದು ನನಗೆ ಅನ್ನಿಸುತ್ತದೆ.

ಈ ಸೀಮೆಯ ಅಪ್ಪಂದಿರು ಕಷ್ಟಕ್ಕೆ ಬೆನ್ನು ತೋರಿಸಿದವರಲ್ಲ. ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿದ ಮಾರಿಕಣಿವೆ ಅಣೆಕಟ್ಟೆ ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ನಂತರ. ಅಷ್ಟೂ ಕಾಲ ಇಲ್ಲಿನವರು ಮುಗಿಲು ನೋಡುತ್ತ ಶೇಂಗಾ ಬಿತ್ತಿದರು. ಹೊಸದುರ್ಗ, ಹೊಳಲ್ಕೆರೆಯವರು ಬರಗಾಲದಲ್ಲಿ ಟ್ಯಾಂಕರ್ ನೀರು ಹೊಡೆಸಿ ಅಡಿಕೆ ತೋಟ ಉಳಿಸಿಕೊಂಡರು. ಅವರು ಹಿಂಜರಿಯುವುದು ಮೈದಣಿಯುವ ಕೆಲಸಕ್ಕಲ್ಲ, ಮಾತಿಗೆ. ಬೋರ್ ಕೊರೆಸುವ ರಾತ್ರಿಯನ್ನೇ ತೆಗೆದುಕೊಳ್ಳಿ. ಪಾಯಿಂಟ್ ನೋಡುವವನು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ತೋರಿಸಿದ ಜಾಗದಲ್ಲಿ ಲಾರಿ ನಿಂತಿದೆ. ರಾಡಿನ ಹಿಂದೆ ರಾಡು ಇಳಿಯುತ್ತಿದೆ, ಮೇಲಕ್ಕೆ ಬರುತ್ತಿರುವುದು ಬಿಳಿ ಕಲ್ಲುಪುಡಿ. ‘ಇನ್ನೊಂದು ನೂರಡಿ ನೋಡೋಣ ಗೌಡ್ರೆ’ ಎಂದಾಗ ಅಪ್ಪ ತಲೆಯಾಡಿಸುತ್ತಾನೆ. ಆ ನೂರಡಿಯ ದುಡ್ಡು ಕೈಗಡದ್ದು. ಬೆಳಿಗ್ಗೆ ಮನೆಗೆ ಬಂದು ‘ನೀರು ಬೀಳಲಿಲ್ಲ’ ಎನ್ನುತ್ತಾನೆ. ಸಾಲ ಎಷ್ಟು, ಯಾರ ಹತ್ತಿರ, ಬಡ್ಡಿ ಏನು ಎಂದು ಹೇಳುವುದಿಲ್ಲ. ಮಗ ಕಾಲೇಜಿನ ಫೀಸು ಕೇಳಿದರೆ ಮೇಲೆ ಬೀಳುತ್ತಾನೆ. ಅವನೊಳಗಿನ ದಿಗಿಲು ಮಗನಿಗೆ ಸಿಟ್ಟಾಗಿ ಕಾಣುತ್ತದೆ. ಎರಡನೆಯ ಅರ್ಥದ ಅಂಜಿಕೆ ಹೊಸಿಲು ದಾಟುವಷ್ಟರಲ್ಲಿ ಮೊದಲನೆಯ ಅರ್ಥದ್ದಾಗುವುದು ಹೀಗೆ.

ಈ ಮಾರ್ಪಾಟು ದುಡ್ಡಿನ ವಿಷಯಕ್ಕೇ ನಿಲ್ಲುವುದಿಲ್ಲ. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ದುರ್ಗದ ಬಂಡೆಗಳ ನಡುವೆ ತೆಗೆದ ‘ನಾಗರಹಾವು’ ಚಿತ್ರದಲ್ಲಿ ರಾಮಾಚಾರಿ ಹೆತ್ತ ಅಪ್ಪನಿಗಿಂತ ಹೆಚ್ಚಾಗಿ ಚಾಮಯ್ಯ ಮೇಷ್ಟ್ರ ಮಾತಿಗೆ ಬಾಗುವವನು. ಮೇಷ್ಟ್ರ ಪ್ರೀತಿಯಲ್ಲಿ ಕಪಟವಿಲ್ಲ. ಆದರೂ ಅವನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಬಿಡು ಎಂದು ಅವರು ಒಪ್ಪಿಸುವಾಗ ಅವರ ಬಾಯಿಂದ ಮಾತಾಡುತ್ತಿರುವುದು ಜಾತಿಯ, ಊರಿನ ಅಂಜಿಕೆ. ಅದು ಅಂಜಿಕೆಯೆಂದು ಹೇಳದೆ ಧರ್ಮವೆಂಬಂತೆ ಹೇಳಿದ್ದರಿಂದ ಹುಡುಗನಿಗೆ ಎದುರಾಡಲು ಜಾಗವೇ ಉಳಿಯಲಿಲ್ಲ. ಅಲಮೇಲುವಿನ ಬದುಕು ಹಾಳಾಯಿತು. ‘ನನಗೆ ಜನರ ಭಯ ಕಣೋ’ ಎಂದಿದ್ದರೆ ಇಬ್ಬರೂ ಕೂತು ಆ ಭಯ ಎಷ್ಟು ನಿಜ ಎಂದು ನೋಡಬಹುದಿತ್ತು. ಮಗಳನ್ನು ದೂರದ ಊರಿಗೆ ಓದಲು ಕಳಿಸದ ಅಪ್ಪ ‘ನಮ್ಮ ಮನೆತನದಲ್ಲಿ ಇದಿಲ್ಲ’ ಎಂದಾಗ ಆಗುವುದೂ ಇದೇ.

ಮನೆಯ ಯಜಮಾನನೇ ಹೆದರಿದೆ ಎಂದರೆ ಉಳಿದವರ ಗತಿಯೇನು ಎಂಬ ಆಕ್ಷೇಪ ಹಗುರವಾದದ್ದಲ್ಲ. ಆರು ವರ್ಷದ ಮಗುವಿನ ಮುಂದೆ ಬಡ್ಡಿಯ ಲೆಕ್ಕ ಬಿಚ್ಚಬೇಕಿಲ್ಲ, ದಿಗಿಲನ್ನು ಮನೆಮಂದಿಯ ಮೇಲೆ ಸುರಿದು ತಾನು ಹಗುರಾಗುವುದೂ ಸರಿಯಲ್ಲ. ಆದರೆ ಅಪ್ಪ ಊಟ ಬಿಟ್ಟು ಎದ್ದದ್ದು, ಫೋನು ಬಂದಾಗ ಹಿತ್ತಿಲಿಗೆ ಹೋದದ್ದು ಮಕ್ಕಳಿಗೆ ತಿಳಿಯದೇ ಇರುವುದಿಲ್ಲ. ತಿಳಿಯದಿರುವುದು ಕಾರಣವೊಂದೇ, ಅದನ್ನು ಅವರು ಊಹಿಸಿ ಇನ್ನಷ್ಟು ದೊಡ್ಡದು ಮಾಡಿಕೊಳ್ಳುತ್ತಾರೆ. ಹಿಂದಿನವರು ಅಂಜಿಕೆಯಲ್ಲೇ ಬೆಳೆದು ಮೇಲೆ ಬರಲಿಲ್ಲವೇ ಎನ್ನುವವರೂ ಇದ್ದಾರೆ. ಬಂದರು, ನಡುವೆ ಅವ್ವ ಇದ್ದಳು, ಅಜ್ಜಿ ಇದ್ದಳು. ‘ಅಪ್ಪಂಗೆ ನೀನೇ ಹೇಳವ್ವಾ’ ಎಂದು ಮಾತು ದಾಟಿಸುವ ಆ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದೆ, ಫಲವನ್ನೆಲ್ಲ ಅಪ್ಪನ ಕಣ್ಣಿನ ಕೆಂಪಿಗೆ ಬರೆಯುವುದು ಅನ್ಯಾಯ.

ಹೇಳಿದರೆ ಅಪ್ಪನಿಗೆ ಆಗುವ ಲಾಭವೂ ಇದೆ. ಬಾಯಿಗೆ ಬಂದ ಸಾಲಕ್ಕೆ ಒಂದು ಅಂಕಿ ಸಿಗುತ್ತದೆ. ಅಂಕಿ ಸಿಕ್ಕರೆ ಮುಂದಿನ ನೂರಡಿಗೆ ‘ಬೇಡ’ ಎನ್ನುವ ಧೈರ್ಯವೂ ಬರುತ್ತದೆ. ಹೇಳುವ ಹೊತ್ತಿನಲ್ಲಿ ಗಂಟಲು ಕಟ್ಟುತ್ತದೆ, ಹೆಂಡತಿಯ ಮುಖ ನೋಡಲಾಗುವುದಿಲ್ಲ. ಆ ಮುಜುಗರವನ್ನು ತಪ್ಪಿಸಿಕೊಳ್ಳುವ ದಾರಿಯಿಲ್ಲ. ಇನ್ನೊಂದು ಬೋರ್ ಕೊರೆಸುವ ಮುಂಚೆ, ಅಡಿಕೆ ಚೇಣಿ ಕೊಡುವ ಮುಂಚೆ, ಒಂದು ಸಂಜೆ ಮನೆಯವರನ್ನೆಲ್ಲ ಕೂರಿಸಿಕೊಂಡು ಲೆಕ್ಕದ ಪುಸ್ತಕ ತೆಗೆಯಿರಿ. ಹೈಸ್ಕೂಲಿಗೆ ಹೋಗುವ ಮಗ, ಮಗಳು ಇಬ್ಬರೂ ಅಲ್ಲಿರಲಿ.