ಪದ ಪರಿಚಯ: ನಿಯಂತ್ರಕ ಟಿ ಕೋಶ

'ನಿಯಂತ್ರಕ'ದ ಬೇರು ಸಂಸ್ಕೃತದ 'ಯಮ್' ಧಾತು; ಅದರಿಂದಲೇ ಬಂದ 'ಯಂತೃ' ಎಂದರೆ ಸಾರಥಿ. ಮೈಸೂರಿನ ಬಸ್ ನಿಲ್ದಾಣದ ಸಂಚಾರ ನಿಯಂತ್ರಕರು ಬಸ್ಸನ್ನು ತಡೆಯುವುದಷ್ಟೇ ಅಲ್ಲ, ಹೊರಡಿಸುವುದೂ ಉಂಟು. 'ಟಿ' ಎಂಬುದು ಎದೆಗೂಡಿನ ಥೈಮಸ್ ಗ್ರಂಥಿಯ ಮೊದಲಕ್ಷರ. ದೇಹದ ರಕ್ಷಣಾ ವ್ಯವಸ್ಥೆಯ ಈ ಕೋಶಗಳು ಬಲಿಯುವುದು ಅಲ್ಲೇ; ಅವುಗಳಲ್ಲಿ ಇತರ ಟಿ ಕೋಶಗಳ ಅತಿರೇಕವನ್ನು ತಡೆಯುವವೇ ನಿಯಂತ್ರಕ ಕೋಶಗಳು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಹೊರಬಂದಾಗ ಈ ಹೆಸರೇ ಹುಟ್ಟಿರಲಿಲ್ಲ. 1970ರ ದಶಕದಲ್ಲಿ ವಿಜ್ಞಾನಿಗಳು ಇಂಥ ಕೋಶಗಳಿಗೆ 'ದಮನಕ' ಎಂಬರ್ಥದ ಹೆಸರಿಟ್ಟರು. ಪುರಾವೆ ಸಾಲದೆ ಆ ಕಲ್ಪನೆ ಮೂಲೆ ಸೇರಿತು. 1995ರಲ್ಲಿ ಜಪಾನಿನ ಶಿಮೊನ್ ಸಕಾಗುಚಿ ಸಿಡಿ25 ಎಂಬ ಗುರುತಿನಿಂದ ಈ ಕೋಶಗಳನ್ನು ಪತ್ತೆಹಚ್ಚಿದ ಮೇಲೆ 'ನಿಯಂತ್ರಕ' ನೆಲೆಯೂರಿತು.

ಕೆಲಸ ತಡೆಯುವುದೇ ಆದರೆ 'ದಮನಕ' ಎಂದರೇನು ತಪ್ಪು ಎಂದು ಕೇಳಬಹುದು. ಉತ್ತರ ಲೂಪಸ್‌ನಲ್ಲಿದೆ. ಈ ಕಾಯಿಲೆಯಲ್ಲಿ ದೇಹ ತನ್ನದೇ ಡಿಎನ್‌ಎ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ. ಕೆನ್ನೆಯಲ್ಲಿ ಕೆಂಪು ದದ್ದು, ಕೀಲುನೋವು, ಮೂತ್ರಪಿಂಡದ ಉರಿಯೂತ ಕಾಣಿಸಿಕೊಳ್ಳುತ್ತವೆ. ರೋಗಿಗಳಲ್ಲಿ ನಿಯಂತ್ರಕ ಕೋಶಗಳು ಕಡಿಮೆ ಎಂದು ಕೆಲವು ಅಧ್ಯಯನಗಳು, ಹಾಗೇನಿಲ್ಲ ಎಂದು ಇನ್ನು ಕೆಲವು ಹೇಳುತ್ತವೆ. ಬರೀ ಎಣಿಕೆಯಿಂದ ರೋಗ ಅರ್ಥವಾಗದು. ನಿಯಂತ್ರಕ ಕೋಶಗಳು ಬದುಕಲು ಬೇಕಾದ ಇಂಟರ್‌ಲ್ಯೂಕಿನ್-2 ಎಂಬ ಸಂಕೇತ ಪ್ರೋಟೀನನ್ನು ಇತರ ಟಿ ಕೋಶಗಳು ಒದಗಿಸಬೇಕು; ಸಿಡಿ25 ಅದರ ಗ್ರಾಹಕದ್ದೇ ಭಾಗ. ಲೂಪಸ್‌ನಲ್ಲಿ ಆ ಪೂರೈಕೆಯೇ ಕುಗ್ಗುತ್ತದೆ. ಯಾರನ್ನು ತಡೆಯಬೇಕೋ ಅವರನ್ನೇ ನಂಬಿ ಬದುಕುವ ಕೋಶವನ್ನು ದಮನಕ ಎಂದರೆ ಅರ್ಧ ಸತ್ಯ. ಕೊಡುಕೊಳ್ಳುವ ಸಮತೋಲವನ್ನೂ ಸೂಚಿಸುವ 'ನಿಯಂತ್ರಕ'ವೇ ಸರಿ.