ಒಲೆ ಕಾಣದ ಉಂಡೆ, ಬೆಂಕಿಗೆ ಹೆದರುವ ಹುಳಿ

ನಾಗರಪಂಚಮಿಯ ದಿನ ಒಲೆಯ ಮೇಲೆ ಬಾಣಲೆ ಇಡಬಾರದು, ಒಗ್ಗರಣೆ ಹಾಕಬಾರದು ಎಂಬ ಕಟ್ಟಳೆ ನಮ್ಮ ಎಷ್ಟೋ ಮನೆಗಳಲ್ಲಿ ಇಂದಿಗೂ ಇದೆ. ಆ ದಿನ ನಾಗಪ್ಪನಿಗೆ ಎಡೆಯಾಗುವುದು ತಂಬಿಟ್ಟು ಮತ್ತು ಚಿಗಳಿ. ನೆನೆದ ಅಕ್ಕಿಯನ್ನು ಆರಿಸಿ, ಕುಟ್ಟಿ, ಬೆಲ್ಲ ಬೆರೆಸಿ ಕಟ್ಟಿದರೆ ತಂಬಿಟ್ಟು. ಎಳ್ಳನ್ನು ಬೆಲ್ಲದ ಜೊತೆ ಒರಳಿನಲ್ಲಿ ಕುಟ್ಟಿದರೆ ಅದರ ಎಣ್ಣೆಯೇ ಹೊರಬಂದು ಉಂಡೆ ನಿಲ್ಲುತ್ತದೆ, ಅದು ಚಿಗಳಿ. ಉತ್ತರ ಕರ್ನಾಟಕದ ಕಡೆ ಹೋದರೆ ಅಳ್ಳಿಟ್ಟು, ಶೇಂಗಾ ಉಂಡಿ, ಎಳ್ಳುಂಡಿ ಎಂದು ಪಂಚಮಿಯ ಉಂಡಿಗಳ ಸಾಲೇ ಇದೆ.

ಇಂದು ಊರಿನ ದೊಡ್ಡ ಅಂಗಡಿಗಳಲ್ಲಿ ‘ಎನರ್ಜಿ ಬೈಟ್ಸ್’ ಎಂಬ ಹೆಸರಿನಲ್ಲಿ ಪುಟ್ಟ ಪೊಟ್ಟಣಕ್ಕೆ ದುಬಾರಿ ಬೆಲೆ ಕಟ್ಟಿ ಮಾರುವುದು ಹೆಚ್ಚುಕಡಿಮೆ ಇದೇ ವಸ್ತುವನ್ನು. ಬೆಲ್ಲದ ಜಾಗದಲ್ಲಿ ಖರ್ಜೂರ, ಅಕ್ಕಿಹಿಟ್ಟಿನ ಜಾಗದಲ್ಲಿ ಓಟ್ಸ್, ಎಳ್ಳಿನ ಜೊತೆ ಬಾದಾಮಿ. ಒಂದು ವ್ಯತ್ಯಾಸ ಮಾತ್ರ ಎದ್ದು ಕಾಣುತ್ತದೆ. ಈ ಹೊಸ ಉಂಡೆಗಳಲ್ಲಿ ಕಿತ್ತಳೆಯ ಸಿಪ್ಪೆಯ ತುರಿ ಇರುತ್ತದೆ, ನಿಂಬೆಯ ರಸ ಇರುತ್ತದೆ. ನಮ್ಮ ಹಳೆಯ ಉಂಡೆಗಳಲ್ಲಿ ಅದು ಇಲ್ಲ. ನಿಂಬೆ, ಹೇರಳೆ, ಮಾದಲ, ಕಂಚಿ, ಚಕ್ಕೋತ, ಕಿತ್ತಳೆ ಎಂದು ಹುಳಿಹಣ್ಣುಗಳಿಗೆ ಇಷ್ಟೊಂದು ಹೆಸರಿಟ್ಟ ನಾಡಿನಲ್ಲಿ ಸಿಹಿ ಉಂಡೆಯೊಳಗೆ ಹುಳಿ ಏಕೆ ಹೋಗಲಿಲ್ಲ?

ಉತ್ತರ ಬುತ್ತಿಯ ಗಂಟಿನಲ್ಲಿದೆ. ಉಂಡೆ ಹಬ್ಬದ ತಿಂಡಿ ಮಾತ್ರವಲ್ಲ, ದಾರಿಯ ಊಟವೂ ಹೌದು. ಜಾತ್ರೆಗೆ, ಸಂತೆಗೆ, ಯಾತ್ರೆಗೆ ಹೊರಟವರಿಗೆ ನಾಲ್ಕಾರು ದಿನ ಕೆಡದ ಆಹಾರ ಬೇಕು. ಹುರಿದ ಹಿಟ್ಟು, ಬೆಲ್ಲ, ಎಳ್ಳು, ಕೊಬ್ಬರಿಗಳಲ್ಲಿ ನೀರಿನ ಪಸೆ ಕಡಿಮೆ; ಪಸೆ ಇಲ್ಲದ ಕಡೆ ಬೂಸ್ಟು ಹಿಡಿಯುವುದಿಲ್ಲ. ಒಂದು ಚಮಚ ನಿಂಬೆರಸ ಬಿದ್ದರೂ ಆ ಲೆಕ್ಕ ತಪ್ಪುತ್ತದೆ. ಹಾಗಾಗಿ ನಿಂಬೆ ಬೇರೆ ದಾರಿ ಹಿಡಿಯಿತು. ಉಪ್ಪಿನ ಜೊತೆ ಭರಣಿಗೆ ಇಳಿದು ಉಪ್ಪಿನಕಾಯಿಯಾಯಿತು. ಉಂಡೆ ಮತ್ತು ಹುಳಿ ಒಂದೇ ಗಂಟಿನಲ್ಲಿ ಪಯಣಿಸಿದರೂ ಒಂದೇ ತುತ್ತಿನಲ್ಲಿ ಬೆರೆಯಲಿಲ್ಲ.

ಆಹಾರ ಬಾಳಿಕೆ ಬರಬೇಕು, ಅದರ ಸತ್ವವೂ ಉಳಿಯಬೇಕು. ಈ ಎರಡು ಆಸೆಗಳು ಯಾವಾಗಲೂ ಒಟ್ಟಿಗೆ ಕೈಗೂಡುವುದಿಲ್ಲ. ಹುಳಿಹಣ್ಣಿನ ಚರಿತ್ರೆಯಲ್ಲಿ ಈ ಪಾಠಕ್ಕೆ ಮನುಷ್ಯ ತೆತ್ತ ಬೆಲೆ ಸಾವಿರಾರು ಪ್ರಾಣ. ಆ ಕಥೆಯ ಒಂದು ಆರಂಭ ನಮ್ಮ ಕಾರವಾರದ ಎದುರಿಗೇ ಇದೆ.

1498ರ ಸೆಪ್ಟೆಂಬರ್ ಕೊನೆಯಲ್ಲಿ ವಾಸ್ಕೋ ಡ ಗಾಮನ ಹಡಗುಗಳು ಕಾರವಾರದ ಹತ್ತಿರದ ಅಂಜದೀವ್ ದ್ವೀಪದಲ್ಲಿ ಲಂಗರು ಹಾಕಿದವು. ಅಕ್ಟೋಬರ್ 5ರಂದು ಅಲ್ಲಿಂದ ಆಫ್ರಿಕಾದ ಕಡೆಗೆ ಹೊರಟವು. ಗಾಳಿ ಅನುಕೂಲವಿರಲಿಲ್ಲ. ಅರಬ್ಬೀ ಸಮುದ್ರ ದಾಟಲು ಮೂರು ತಿಂಗಳಿಗೆ ಮೂರೇ ದಿನ ಕಡಿಮೆ ಹಿಡಿಯಿತು ಎಂದು ಹಡಗಿನಲ್ಲಿದ್ದ ದಿನಚರಿಕಾರ ಬರೆದಿದ್ದಾನೆ. ಒಸಡುಗಳು ಹಲ್ಲು ಮುಚ್ಚುವಂತೆ ಊದಿಕೊಂಡವು, ಕಾಲುಗಳು ಬಾತವು. ಮೂವತ್ತು ಜನ ಸತ್ತರು. ಒಂದೊಂದು ಹಡಗನ್ನು ನಡೆಸಲು ಏಳೆಂಟು ಮಂದಿ ಮಾತ್ರ ಉಳಿದರು. 1499ರ ಜನವರಿಯಲ್ಲಿ ಮಲಿಂದಿ ತಲುಪಿದಾಗ ಕಾಯಿಲೆಯವರು ಹಂಬಲಿಸಿ ಕೇಳಿದ್ದು ಕಿತ್ತಳೆಯನ್ನು. ಕಿತ್ತಳೆ ಬಂತು; ಕೆಲವರಿಗೆ ಅಷ್ಟರಲ್ಲಿ ಕಾಲ ಮೀರಿತ್ತು.

ಅವರು ಹೊರಟ ಕರಾವಳಿಯ ಒಳನಾಡಿನಲ್ಲಿ ಹುಳಿಹಣ್ಣಿಗೆ ಬರವಿರಲಿಲ್ಲ. ಸುಮಾರು ಎರಡು ದಶಕಗಳ ನಂತರ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಮಾವು, ಅಡಕೆ, ಹಲಸಿನ ಜೊತೆ ನಿಂಬೆ ಮತ್ತು ಕಿತ್ತಳೆ ಗಿಡಗಳು ದಟ್ಟ ಕಾಡಿನಂತೆ ಬೆಳೆದದ್ದನ್ನು ವರ್ಣಿಸಿದ್ದಾನೆ. ಪಶ್ಚಿಮದ ಭಾಷೆಗಳು ಕಿತ್ತಳೆಗೆ ಇಟ್ಟ ಹೆಸರು ಕೂಡ ಈ ಕಡೆಯಿಂದಲೇ ಹೋದದ್ದು: ನಾರಂಗ, ಪರ್ಷಿಯನ್ನಿನ ನಾರಂಗ್, ಅರಬ್ಬಿಯ ನಾರಂಜ್, ಸ್ಪ್ಯಾನಿಷ್‌ನ ನರಾಂಹ, ಕೊನೆಗೆ ಆರೆಂಜ್. ‘ನಾರಂಗ’ದ ಬೇರು ದ್ರಾವಿಡವಿರಬೇಕು ಎಂಬುದು ಹಲವು ಭಾಷಾವಿದ್ವಾಂಸರ ಅಭಿಪ್ರಾಯ. ಹೆಸರು ಅಷ್ಟು ದೂರ ಕೆಡದೆ ಸಾಗಿತು. ಹಣ್ಣಿಗೆ ಅದು ಸಾಧ್ಯವಾಗಲಿಲ್ಲ.

ಈ ರೋಗದ ಹೆಸರು ಸ್ಕರ್ವಿ. ಮುಂದಿನ ಇನ್ನೂರೈವತ್ತು ವರ್ಷ ಅದು ದೂರ ಸಾಗುವ ಹಡಗುಗಳನ್ನು ಬಿಡದೆ ಕಾಡಿತು. 1740ರಲ್ಲಿ ಜಾರ್ಜ್ ಆನ್ಸನ್ ಎಂಬ ಇಂಗ್ಲಿಷ್ ನೌಕಾಧಿಕಾರಿ ಹೊರಟ ಭೂಪ್ರದಕ್ಷಿಣೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಶತ್ರುವಿನ ಗುಂಡಿಗಿಂತ ಸ್ಕರ್ವಿಗೆ ಬಲಿಯಾದವರೇ ಬಹಳ ಹೆಚ್ಚು. ಹತ್ತಾರು ವರ್ಷಗಳ ಹಿಂದೆ ಮಾಗಿದ್ದ ಗಾಯಗಳೂ ಮತ್ತೆ ಬಾಯಿ ತೆರೆದವು.

1747ರ ಮೇ 20ರಂದು ಸಾಲ್ಸ್‌ಬರಿ ಎಂಬ ಯುದ್ಧನೌಕೆಯಲ್ಲಿ ವೈದ್ಯ ಜೇಮ್ಸ್ ಲಿಂಡ್ ಹನ್ನೆರಡು ರೋಗಿಗಳನ್ನು ಆರಿಸಿ, ಇಬ್ಬಿಬ್ಬರಿಗೆ ಒಂದೊಂದು ಮದ್ದು ಕೊಡತೊಡಗಿದ. ಸೇಬಿನ ಮದ್ಯ, ಸಾರ ಇಳಿಸಿದ ಗಂಧಕಾಮ್ಲದ ದ್ರಾವಣ, ವಿನೆಗರ್, ಸಮುದ್ರದ ನೀರು. ಐದನೆಯ ಜೋಡಿಗೆ ಬೆಳ್ಳುಳ್ಳಿ, ಸಾಸಿವೆ, ಮೂಲಂಗಿ ಜಾತಿಯ ಬೇರು, ಅಂಟುಗಳನ್ನು ಅರೆದು ಮಾಡಿದ, ಜಾಯಿಕಾಯಿ ಗಾತ್ರದ ಉಂಡೆ ದಿನಕ್ಕೆ ಮೂರು. ಆರನೆಯ ಜೋಡಿಗೆ ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ. ಆರು ದಿನಕ್ಕೆ ಹಣ್ಣು ಮುಗಿದುಹೋಯಿತು. ಅಷ್ಟರಲ್ಲಿ ಅದನ್ನು ತಿಂದವರಲ್ಲಿ ಒಬ್ಬ ಕೆಲಸಕ್ಕೆ ಎದ್ದು ನಿಂತಿದ್ದ, ಇನ್ನೊಬ್ಬ ಉಳಿದವರ ಆರೈಕೆಗೆ ನಿಲ್ಲುವಷ್ಟು ಚೇತರಿಸಿದ್ದ. ನೋಡಿದರೆ ಭಾರೀ ಔಷಧದಂತೆ ಕಾಣುತ್ತಿದ್ದ ಉಂಡೆ ಏನೂ ಮಾಡಲಿಲ್ಲ. ಸುಲಿದು ತಿಂದ ಹಣ್ಣು ಗೆದ್ದಿತು.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಹಣ್ಣು ಕೊಳೆಯುತ್ತದೆ, ಹಡಗಿನ ಪಯಣ ವರ್ಷಗಟ್ಟಲೆ. ಲಿಂಡ್ ಇದಕ್ಕೊಂದು ಉಪಾಯ ಹೇಳಿದ: ರಸವನ್ನು ಕುದಿಗೆ ಹತ್ತಿರದ ನೀರಿನ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು, ಪಾಕದಂತೆ ಗಟ್ಟಿಮಾಡಿ ಶೀಶೆಗೆ ತುಂಬಬೇಕು. ಆ ಪಾಕ ವರ್ಷಗಟ್ಟಲೆ ಕೆಡಲಿಲ್ಲ, ರೋಗವನ್ನೂ ಗುಣಪಡಿಸಲಿಲ್ಲ. ಬೆಂಕಿ ಹುಳಿಯ ರುಚಿಯನ್ನು ಉಳಿಸಿ ಸತ್ವವನ್ನು ತಿಂದಿತ್ತು. ಸತ್ಯವನ್ನು ಕಂಡವನ ಕೈಯಲ್ಲೇ ಸತ್ಯ ಮಸುಕಾಯಿತು. ಬ್ರಿಟಿಷ್ ನೌಕಾಪಡೆ ನಾವಿಕರಿಗೆಲ್ಲ ಕಾಯಿಸದ ನಿಂಬೆರಸ ಹಂಚಲು ಶುರು ಮಾಡಿದ್ದು 1795ರ ಹೊತ್ತಿಗೆ, ಲಿಂಡ್ ತೀರಿಹೋದ ಮರುವರ್ಷ.

ಇಷ್ಟಾದರೂ ಮರೆವು ಬಿಡಲಿಲ್ಲ. 1860ರ ದಶಕದಲ್ಲಿ ಮೆಡಿಟರೇನಿಯನ್ ತೀರದ ದೊಡ್ಡ ನಿಂಬೆಯ ಬದಲು ವೆಸ್ಟ್ ಇಂಡೀಸ್ ತೋಟಗಳ ಸಣ್ಣ ನಿಂಬೆಗೆ ನೌಕಾಪಡೆ ಹೊರಳಿತು. ಹುಳಿ ಇನ್ನೂ ಹೆಚ್ಚು, ಆದ್ದರಿಂದ ಗುಣವೂ ಹೆಚ್ಚೆಂದು ಲೆಕ್ಕ ಹಾಕಿದರು. ಸಂಗ್ರಹಿಸಿ, ಗಾಳಿಗೆ ಒಡ್ಡಿ, ತಾಮ್ರದ ಕೊಳವೆಗಳಲ್ಲಿ ಹಾಯಿಸಿದ ಆ ರಸದಲ್ಲಿ ಸತ್ವ ಅಷ್ಟಕ್ಕಷ್ಟೆ. 1875ರಲ್ಲಿ ಉತ್ತರ ಧ್ರುವದ ಕಡೆ ಹೊರಟ ಬ್ರಿಟಿಷ್ ತಂಡ ಸ್ಕರ್ವಿಗೆ ಸಿಕ್ಕಿ ಮರುವರ್ಷವೇ ಹಿಂದಿರುಗಿತು. ನಿಂಬೆಯಿಂದ ಸ್ಕರ್ವಿ ವಾಸಿಯಾಗುತ್ತದೆಂಬುದೇ ಸುಳ್ಳಿರಬಹುದು ಎಂದು ಹಲವು ವೈದ್ಯರು ಅನುಮಾನಿಸತೊಡಗಿದರು.

ಆ ಮರೆವಿನ ಕಾಲದಲ್ಲೇ ನಮ್ಮವರೂ ಬೆಲೆ ತೆತ್ತರು. ಮೊದಲನೆಯ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾಕ್ಕೆ, ಅಂದರೆ ಇಂದಿನ ಇರಾಕಿಗೆ, ಹೋದ ಭಾರತೀಯ ಸೈನಿಕರಲ್ಲಿ ಸಾವಿರಾರು ಮಂದಿ ಸ್ಕರ್ವಿಗೆ ತುತ್ತಾದರು. ಅವರ ಪಡಿತರದಲ್ಲಿದ್ದದ್ದು ಮುಖ್ಯವಾಗಿ ಗೋಧಿಹಿಟ್ಟು, ಬೇಳೆ, ತುಪ್ಪ, ಬೆಲ್ಲ. ಇನ್ನೊಮ್ಮೆ ಓದಿದರೆ ಇದು ಲಾಡುವಿನ ಸಾಮಗ್ರಿ ಪಟ್ಟಿಯೇ. ಹೊಟ್ಟೆ ತುಂಬಿಸುವ, ಬಲ ಕೊಡುವ, ಕೆಡದೆ ಉಳಿಯುವ ಉತ್ತಮ ಆಹಾರ. ಆದರೂ ಒಸಡಿನಲ್ಲಿ ರಕ್ತ ಜಿನುಗಿತು. ಹಿರಿಯರ ತಿಂಡಿಯಲ್ಲಿ ಎಲ್ಲವೂ ಇತ್ತು ಎಂದು ಹೆಮ್ಮೆಪಡುವ ಮೊದಲು ಈ ಸೈನಿಕರನ್ನು ನೆನೆಯಬೇಕು. ಹಿರಿಯರ ಊಟದಲ್ಲಿ ಉಂಡೆಯ ಪಕ್ಕ ಸೊಪ್ಪಿತ್ತು, ಹಣ್ಣಿತ್ತು, ಹಸಿ ಕಾಯಿತ್ತು. ಉಂಡೆಯೊಂದೇ ಊಟವಾದರೆ ಆಗುವುದೇನು ಎಂಬುದನ್ನು ಆ ಮರುಭೂಮಿ ತೋರಿಸಿತು.

ಅದೇ ದಿನಗಳಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಹ್ಯಾರಿಯೆಟ್ ಚಿಕ್ ಮತ್ತು ಸಂಗಡಿಗರು ಎರಡು ಸಂಗತಿ ಕಂಡುಕೊಂಡರು. ನೌಕಾಪಡೆ ನಂಬಿದ್ದ ಸಣ್ಣ ನಿಂಬೆಯ ರಸ ಹಳೆಯ ನಿಂಬೆಯ ರಸಕ್ಕಿಂತ ತುಂಬ ದುರ್ಬಲ. ಮತ್ತೆ, ಒಣ ಕಾಳಿನಲ್ಲಿ ಇಲ್ಲದ ಸ್ಕರ್ವಿ ತಡೆಯುವ ಗುಣ ಅದನ್ನು ನೆನೆಸಿ ಮೊಳಕೆ ಬರಿಸಿದರೆ ಹುಟ್ಟುತ್ತದೆ. ಆ ಗುಣದ ಹಿಂದಿನ ವಸ್ತುವನ್ನು 1928ರಲ್ಲಿ ಹಂಗೆರಿಯ ಆಲ್ಬರ್ಟ್ ಸೆಂಟ್-ಜ್ಯೋರ್ಜಿ ಬೇರ್ಪಡಿಸಿದ. ಅದೇ ಸಿ ಜೀವಸತ್ವ ಎಂದು 1932ರಲ್ಲಿ ಖಚಿತವಾಯಿತು. 1937ರಲ್ಲಿ ಅವನಿಗೆ ನೊಬೆಲ್ ಬಂತು. ನೀರಿನಲ್ಲಿ ಕರಗುವ ಈ ವಸ್ತುವಿಗೆ ಶಾಖ, ಗಾಳಿ, ತಾಮ್ರ ಮೂರೂ ಹಗೆ. ಲಿಂಡನ ಪಾಕ ಸೋತದ್ದೇಕೆ, ತಾಮ್ರದ ಕೊಳವೆಯ ರಸ ಕೈಕೊಟ್ಟದ್ದೇಕೆ ಎಂಬುದು ಆಗ ತಿಳಿಯಿತು.

ನಮ್ಮ ಅಡುಗೆಮನೆಗೆ ಈ ಕಾರಣಗಳು ಗೊತ್ತಿರಲಿಲ್ಲ. ರೂಢಿ ಮಾತ್ರ ಗೊತ್ತಿತ್ತು. ಚಿತ್ರಾನ್ನಕ್ಕೆ ನಿಂಬೆ ಹಿಂಡುವುದು ಒಲೆಯಿಂದ ಇಳಿಸಿದ ಮೇಲೆ. ಕೋಸಂಬರಿಗೆ ನೆನೆದ ಹೆಸರುಬೇಳೆ, ಮೇಲೆ ಹಸಿ ನಿಂಬೆರಸ. ‘ಕುದಿಸಿದರೆ ಕಹಿಯಾಗುತ್ತದೆ’ ಎನ್ನುವ ಅಜ್ಜಿಯ ಮಾತು ರುಚಿಯ ಬಗ್ಗೆ ಹೇಳಿದ್ದು. ಅದರ ನೆರಳಲ್ಲಿ ಸತ್ವವೂ ಉಳಿಯಿತು.

ಈಗ ಉಂಡೆಗೆ ಬರೋಣ. ಇಪ್ಪತ್ತನೆಯ ಶತಮಾನದ ಅಮೆರಿಕ ಬುತ್ತಿಯನ್ನು ಕಾರ್ಖಾನೆಗೆ ಒಯ್ದಿತು. ಪಿಲ್ಸ್‌ಬರಿ ಕಂಪನಿ ಗಗನಯಾತ್ರಿಗಳ ಹೆಸರಿನಲ್ಲಿ ಅಗಿಯುವ ಕಡ್ಡಿಗಳನ್ನು ಮಾರಿತು. 1986ರಲ್ಲಿ ಮ್ಯಾರಥಾನ್ ಓಟಗಾರ ಬ್ರಿಯಾನ್ ಮ್ಯಾಕ್ಸ್‌ವೆಲ್ ‘ಪವರ್‌ಬಾರ್’ ಮಾರುಕಟ್ಟೆಗೆ ತಂದ. ಮನೆಯಲ್ಲೇ ಕಟ್ಟುವ ‘ಎನರ್ಜಿ ಬೈಟ್ಸ್’ ಆ ದಾರಿಯಲ್ಲೇ ಬಂದದ್ದು. ಅದರೊಳಗೆ ಹುಳಿ ಸೇರಲು ಧೈರ್ಯ ಕೊಟ್ಟದ್ದು ಫ್ರಿಜ್. ನಾಲ್ಕು ದಿನ ಬಿಸಿಲಿನಲ್ಲಿ ನಡೆಯಬೇಕಿಲ್ಲದ ಉಂಡೆ ಪಸೆಗೆ ಹೆದರಬೇಕಿಲ್ಲ.

ಮಾಡುವುದು ಸುಲಭ. ಬೀಜ ತೆಗೆದ ಮೆತ್ತನೆಯ ಖರ್ಜೂರ 150 ಗ್ರಾಂ, ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜ 75 ಗ್ರಾಂ, ಹುರಿಗಡಲೆ 50 ಗ್ರಾಂ, ಹುರಿದ ಎಳ್ಳು 35 ಗ್ರಾಂ, ಎರಡು ಚಮಚ ಕೊಬ್ಬರಿ ತುರಿ, ಒಂದು ಏಲಕ್ಕಿ, ಚಿಟಿಕೆ ಉಪ್ಪು. ಹುರಿದ ಪದಾರ್ಥಗಳು ಪೂರ್ತಿ ಆರಲಿ. ಮೊದಲು ಅವನ್ನು ತರಿಯಾಗಿ ಪುಡಿಮಾಡಿ, ಆಮೇಲೆ ಖರ್ಜೂರ ಸೇರಿಸಿ ತಿರುವಬೇಕು. ಕೊನೆಗೆ ಚೆನ್ನಾಗಿ ತೊಳೆದ ಒಂದು ಕಿತ್ತಳೆಯ ಸಿಪ್ಪೆಯ ಹೊರಪದರವನ್ನಷ್ಟೇ ತುರಿದು ಹಾಕಬೇಕು. ಕೆಳಗಿನ ಬಿಳಿಯ ಭಾಗ ಬಂದರೆ ಕಹಿ. ಕಿತ್ತಳೆಯ ಪರಿಮಳವೆಲ್ಲ ಸಿಪ್ಪೆಯ ಆ ಪುಟ್ಟ ಎಣ್ಣೆಗುಳಿಗಳಲ್ಲೇ ಇದೆ, ಶಾಖ ತಗುಲಿದರೆ ಅದೂ ಹಾರಿಹೋಗುತ್ತದೆ. ಮಿಶ್ರಣ ಉದುರಾಗಿದ್ದರೆ ಒಂದು ಚಮಚ ನಿಂಬೆರಸ ಸಾಕು. ಹದಿನಾರು ಉಂಡೆ ಆಗುತ್ತವೆ, ಒಂದೊಂದರಲ್ಲಿ ಸುಮಾರು 80 ಕ್ಯಾಲರಿ. ಮುಚ್ಚಿದ ಡಬ್ಬಿಯಲ್ಲಿ, ಫ್ರಿಜ್‌ನಲ್ಲಿ ಒಂದು ವಾರ ಇಡಬಹುದು.

ಇದು ಆರೋಗ್ಯಕರವೇ? ಕಾಳು, ಎಳ್ಳು, ನಾರು ಇರುವುದರಿಂದ ಬೇಕರಿಯ ಬಿಸ್ಕತ್ತಿಗಿಂತ ಮೇಲು. ಆದರೆ ಖರ್ಜೂರದ ಸಿಹಿಯೂ ಸಕ್ಕರೆಯೇ. ಮಧುಮೇಹ ಇರುವವರು ಎಣಿಸಿ ತಿನ್ನಬೇಕು. ಇನ್ನು ಸಿ ಜೀವಸತ್ವದ ಲೆಕ್ಕ. ಒಂದು ಕಿತ್ತಳೆಯಿಂದ ಸಿಗುವ ತುರಿ ಐದಾರು ಗ್ರಾಂ, ಅದರಲ್ಲಿ ಇರುವುದು ಏಳೆಂಟು ಮಿಲಿಗ್ರಾಂ. ಅದನ್ನು ಹದಿನಾರಕ್ಕೆ ಹಂಚಿದರೆ ಒಂದು ಉಂಡೆಗೆ ಅರ್ಧ ಮಿಲಿಗ್ರಾಂ. ಸ್ಕರ್ವಿಯನ್ನು ದೂರವಿಡಲು ದಿನಕ್ಕೆ ಸುಮಾರು 10 ಮಿಲಿಗ್ರಾಂ ಬೇಕು, ಚೆನ್ನಾಗಿರಲು ಅದರ ಹಲವು ಪಟ್ಟು. ಹಾಗಾಗಿ ಪೊಟ್ಟಣದ ಮೇಲಿನ ಕಿತ್ತಳೆಯ ಚಿತ್ರ ನಾಲಿಗೆಗೆ ಕೊಡುವ ಭರವಸೆ ನಿಜ, ದೇಹಕ್ಕೆ ಕೊಡುವ ಭರವಸೆ ಅಷ್ಟಿಲ್ಲ.

ಸಾಲ್ಸ್‌ಬರಿ ಹಡಗಿನಲ್ಲಿ ಗೆದ್ದದ್ದು ಉಂಡೆಯಲ್ಲ, ಹಣ್ಣು. ತುರಿದು ಮುಗಿದ ಮೇಲೆ ಆ ಕಿತ್ತಳೆ ನಿಮ್ಮ ಕೈಯಲ್ಲೇ ಉಳಿದಿರುತ್ತದೆ. ಸಿಪ್ಪೆಯ ತುರಿ ಉಂಡೆಗೆ ಹೋಗಲಿ. ತೊಳೆಗಳನ್ನು ಬಿಡಿಸಿ ಆಗಲೇ ತಿಂದುಬಿಡಿ.