ನಾನು ಹೊಸಕಿ ಹಾಕಿದ ಹುಳು, 1898ರಲ್ಲಿ ಸೋತ ಹುಳು

ಈ ಸಲದ ಕಥೆ ಶುರುವಾಗಿದ್ದು ನಮ್ಮ ಮನೆ ಟೆರೇಸ್ ಮೇಲಿನ ದಾಸವಾಳದ ಗಿಡದಲ್ಲಿ. ಗಿಡದ ತುಂಬಾ ಹಿಟ್ಟು ತಿಗಣೆ. ಹಳೇ ಟೂತ್‌ಬ್ರಷ್ ಹಿಡ್ಕೊಂಡು ಒಂದೊಂದನ್ನೇ ಉಜ್ಜಿ ತೆಗೀತಿದ್ದೆ. ಅವುಗಳ ಮಧ್ಯೆ ಒಂದಿಷ್ಟು ದೊಡ್ಡವು, ಮೈತುಂಬಾ ಬಿಳೀ ಎಳೆ ಇರೋವು ಕಂಡವು. 'ಇವೇ ಇವುಗಳ ಅಪ್ಪ-ಅಮ್ಮ ಇರಬೇಕು' ಅಂತ ಅವನ್ನೇ ಮೊದಲು ಹೊಸಕಿದೆ. ಆಮೇಲೆ ಫೋಟೋ ನೋಡಿದ ಕೃಷಿ ಪದವೀಧರ ಗೆಳೆಯ ಒಂದೇ ಮಾತು ಹೇಳಿದ: "ಲೋ, ಅದು ತಿಗಣೆ ಅಲ್ಲ, ತಿಗಣೆ ತಿನ್ನೋ ಹುಳು."

ಅದರ ಹೆಸರು ಕ್ರಿಪ್ಟೊಲೀಮಸ್. ಗುಲಗಂಜಿ ಹುಳುವಿನ ಜಾತಿ, ಊರು ಆಸ್ಟ್ರೇಲಿಯಾ. ಅದು ನಮ್ಮ ಟೆರೇಸಿಗೆ ಹೇಗೆ ಬಂತು ಅನ್ನೋದನ್ನ ಹುಡುಕ್ತಾ ಹೋದರೆ ಮೊದಲು ಸಿಕ್ಕಿದ್ದು ಕ್ಯಾಲಿಫೋರ್ನಿಯಾ.

1880ರ ದಶಕದಲ್ಲಿ ಅಲ್ಲಿನ ಕಿತ್ತಳೆ ತೋಟಗಳನ್ನ ಹತ್ತಿಯಂಥ ಬಿಳೀ ಶಲ್ಕ ಕೀಟ ಮುತ್ತಿಕೊಂಡಿತ್ತು. ಅದು ಆಸ್ಟ್ರೇಲಿಯಾದಿಂದ ಗಿಡಗಳ ಜೊತೆ ಬಂದದ್ದು. ಬಂದಾಗ ತನ್ನ ಶತ್ರುಗಳನ್ನ ಅಲ್ಲೇ ಬಿಟ್ಟು ಬಂದಿತ್ತು. ಅಮೆರಿಕ ಸರ್ಕಾರದ ಕೀಟತಜ್ಞ ಸಿ.ವಿ. ರೈಲಿ, ಆ ಶತ್ರುವನ್ನೇ ಕರೆತರೋಣ ಅಂದರು. ಆದರೆ ಕೃಷಿ ಇಲಾಖೆಯವರು ವಿದೇಶ ಪ್ರವಾಸಕ್ಕೆ ಹಣ ಖರ್ಚು ಮಾಡೋ ಹಾಗಿರಲಿಲ್ಲ. ಹಾಗಾಗಿ ಆಲ್ಬರ್ಟ್ ಕೋಬೆಲೆ 1888ರಲ್ಲಿ ಮೆಲ್ಬರ್ನ್ ವಸ್ತುಪ್ರದರ್ಶನದ ಲೆಕ್ಕದಲ್ಲಿ ಹಡಗು ಹತ್ತಿದರು.

ಅವರು ಕಳಿಸಿದ ಮೊದಲ ಕಂತಿನಲ್ಲಿ ಇದ್ದದ್ದು 28 ವೆಡಾಲಿಯಾ ಹುಳು. ಮೊದಲ ಮೂರು ಕಂತು ಸೇರಿ 129. ಲಾಸ್ ಏಂಜಲೀಸ್‌ನಲ್ಲಿ ಒಂದು ಕಿತ್ತಳೆ ಮರಕ್ಕೆ ಬಟ್ಟೆ ಗುಡಾರ ಹೊದಿಸಿ ಅದರೊಳಗೆ ಬಿಟ್ಟರು. 1889ರ ಜೂನ್ ಹೊತ್ತಿಗೆ ಅವುಗಳ ಸಂತಾನದಲ್ಲಿ 10,555 ಹುಳುಗಳನ್ನ 208 ಬೆಳೆಗಾರರಿಗೆ ಹಂಚಿಯಾಗಿತ್ತು. ಆ ಜಿಲ್ಲೆಯಿಂದ ಹೊರಟ ಕಿತ್ತಳೆ ಒಂದೇ ವರ್ಷದಲ್ಲಿ 700 ರೈಲು ವ್ಯಾಗನ್‌ನಿಂದ 2,000ಕ್ಕೆ ಏರಿತು. ನಾನು ಓದಿದ್ದು ಕಾಮರ್ಸ್, ಕಣ್ಣು ಮೊದಲು ಹೋಗೋದು ಖರ್ಚಿನ ಕಾಲಂಗೆ. ಇಡೀ ಯೋಜನೆಗೆ ಆಗಿದ್ದು 5,000 ಡಾಲರಿಗೂ ಕಡಿಮೆ!

ಇಷ್ಟು ಲಾಭ ಕಂಡ ಮೇಲೆ ಜಗತ್ತು ಸುಮ್ಮನಿರುತ್ತಾ? ಕ್ರಿಪ್ಟೊಲೀಮಸ್ಸನ್ನೂ ಅದೇ ಕೋಬೆಲೆ ಎರಡನೇ ಪ್ರವಾಸದಲ್ಲಿ ಹಿಡಿದು ಕ್ಯಾಲಿಫೋರ್ನಿಯಾಕ್ಕೆ ಕಳಿಸಿದರು. 1898ರಲ್ಲಿ ಎಚ್.ಓ. ನ್ಯೂಪೋರ್ಟ್ ಅದನ್ನ ದಕ್ಷಿಣ ಭಾರತಕ್ಕೆ ತಂದರು. ಉದ್ದೇಶ, ಕಾಫಿ ಗಿಡದ ಹಸಿರು ತಿಗಣೆ ನಿಯಂತ್ರಣ. ಫಲಿತಾಂಶ? ಸೋಲು. ಹಸಿರು ತಿಗಣೆ ಈ ಹುಳುವಿಗೆ ಇಷ್ಟದ ಊಟವೇ ಅಲ್ಲ. ಅದಕ್ಕೆ ಬೇಕಾದದ್ದು ಹಿಟ್ಟು ತಿಗಣೆ.

ಲೆಡ್ಜರ್‌ನಲ್ಲಿ ಇದನ್ನ ನಷ್ಟ ಅಂತ ಬರೆದು ಮುಚ್ಚಿಬಿಡಬಹುದಿತ್ತು. ಆದರೆ ಹುಳು ಸಾಯಲಿಲ್ಲ. ಹಿಟ್ಟು ತಿಗಣೆ ಸಿಕ್ಕಲ್ಲಿ ತಿಂದುಕೊಂಡು ಸದ್ದಿಲ್ಲದೆ ಇಲ್ಲೇ ಬೇರೂರಿತು. ದಶಕಗಳು ಕಳೆದ ಮೇಲೆ ನಮ್ಮ ವಿಜ್ಞಾನಿಗಳು ಅದನ್ನ ಸರಿಯಾದ ಕೆಲಸಕ್ಕೆ ಹಚ್ಚಿದರು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ದ್ರಾಕ್ಷಿ, ಸೀಬೆ ತೋಟಗಳಲ್ಲಿ ಅದನ್ನ ಬಳಸಿ ತೋರಿಸಿತು. ಸಾಕೋ ವಿಧಾನವೂ ಸರಳ: ಸಿಹಿಗುಂಬಳಕಾಯಿ ಮೇಲೆ ಹಿಟ್ಟು ತಿಗಣೆ ಬೆಳೆಸೋದು, ಅದರ ಮೇಲೆ ಈ ಹುಳು ಬಿಡೋದು.

ಈಗ ಮೂತಿ ಹುಳುವಿನ ಕಡೆ ಬರೋಣ. ತೆಂಗಿನ ತೋಟ ಇರೋರಿಗೆ ಕೆಂಪು ಮೂತಿ ಹುಳು ಅಂದರೆ ಸಾಕು, ಮುಖ ಬಾಡುತ್ತೆ. ನಮ್ಮ ಕಡೆಯದೇ ಆದ ಆ ಹುಳು 1980ರ ದಶಕದಲ್ಲಿ ಕೊಲ್ಲಿ ದೇಶಗಳ ಖರ್ಜೂರದ ತೋಟ ಸೇರಿತು. ಅಲ್ಲಿಂದ ಸೋಂಕು ತಗುಲಿದ ಸಸಿ, ಮರಗಳ ಸಾಗಾಣಿಕೆಯಲ್ಲೇ ಈಜಿಪ್ಟ್, ಸ್ಪೇನ್‌ಗೂ ಹೋಯಿತು. ಯಾರೂ ಅದನ್ನ ಕರೀಲಿಲ್ಲ, ಯಾರೂ ಪರೀಕ್ಷೆ ಮಾಡಲಿಲ್ಲ.

ಹೆಚ್ಚುಕಡಿಮೆ ಅದೇ ಹೊತ್ತಿಗೆ ಇನ್ನೊಂದು ಮೂತಿ ಹುಳು ಬೆಂಗಳೂರಿಗೆ ಬಂತು. ಆದರೆ ಇದು ಪರೀಕ್ಷೆ ಮಾಡಿಸಿಕೊಂಡು ಬಂದದ್ದು. ನೀರಿನ ಮೇಲೆ ಚಾಪೆ ಹಾಸಿದಂತೆ ಹಬ್ಬೋ ಸಾಲ್ವಿನಿಯಾ ಕಳೆಯನ್ನ ತಿನ್ನೋ ಹುಳು ಇದು. ಮೊದಲು ತಜ್ಞರು ಆ ಕಳೆಯ ಜಾತಿಯನ್ನೇ ತಪ್ಪಾಗಿ ಗುರುತಿಸಿದ್ದರು. ಹಾಗಾಗಿ ತಪ್ಪು ಜಾಗದಲ್ಲಿ ಶತ್ರು ಹುಡುಕಿ ಸೋತಿದ್ದರು. ಕಳೆಯ ನಿಜವಾದ ತವರು ಆಗ್ನೇಯ ಬ್ರೆಜಿಲ್ ಅಂತ 1978ರಲ್ಲಿ ತಿಳಿದ ಮೇಲೆ ಸರಿಯಾದ ಹುಳು ಸಿಕ್ಕಿತು. ಬೆಂಗಳೂರಿನ ಒಂದು ತಾವರೆ ಕೊಳದಲ್ಲಿ ಬಿಟ್ಟಾಗ 11 ತಿಂಗಳಲ್ಲಿ ಕಳೆ ಹತೋಟಿಗೆ ಬಂತು.

ಎರಡೂ ಮೂತಿ ಹುಳುಗಳೇ, ಎರಡೂ ಪರದೇಶಕ್ಕೆ ಹೋದವೇ. ಒಂದು ತೋಟ ಕೆಡಿಸಿತು, ಇನ್ನೊಂದು ಕೊಳ ಉಳಿಸಿತು. ಹುಳುವಿನಲ್ಲಿ ಒಳ್ಳೇದು ಕೆಟ್ಟದ್ದು ಅಂತ ಇಲ್ಲ. ಯಾವುದು ಯಾವುದನ್ನ ತಿನ್ನುತ್ತೆ, ಯಾವುದನ್ನ ತಿನ್ನಲ್ಲ ಅಂತ ಮೊದಲೇ ಕೇಳಿದ್ದೀವಾ ಅನ್ನೋದೇ ಪ್ರಶ್ನೆ. ಯಾಕಂದ್ರೆ ಒಮ್ಮೆ ಬಿಟ್ಟ ಹುಳುವನ್ನ ವಾಪಸ್ ಕರೆಯೋಕಾಗಲ್ಲ.

ಗೆದ್ದ ಮೇಲೂ ಕೆಡಿಸ್ಕೋಬಹುದು. 1940ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ತೋಟಗಳಿಗೆ ಡಿಡಿಟಿ ಬಂತು. ವೆಡಾಲಿಯಾ ಸತ್ತವು, ಅರ್ಧ ಶತಮಾನದಿಂದ ಹತೋಟಿಯಲ್ಲಿದ್ದ ಶಲ್ಕ ಕೀಟ ಮತ್ತೆ ಎದ್ದು ಕೂತಿತು. ಸಿಂಪಡಣೆ ನಿಲ್ಲಿಸಿ, ಹುಳುಗಳನ್ನ ತಂದು ಬಿಟ್ಟ ಮೇಲೆಯೇ ಪರಿಸ್ಥಿತಿ ಸುಧಾರಿಸಿದ್ದು.

ನಾನು ಟೂತ್‌ಬ್ರಷ್‌ನಲ್ಲಿ ಮಾಡಿದ್ದೂ ಅದನ್ನೇ, ಸಣ್ಣದಾಗಿ. ಹಾಗಾಗಿ ನಿಮ್ಮ ಗಿಡದಲ್ಲಿ ಬಿಳೀ ಹುಳು ಕಂಡರೆ ಒಂದು ನಿಮಿಷ ನಿಂತು ನೋಡಿ. ಗುಂಪಾಗಿ ಅಂಟಿಕೊಂಡು ಕೂತಿದ್ದರೆ ಹಿಟ್ಟು ತಿಗಣೆ. ಅದಕ್ಕಿಂತ ದೊಡ್ಡದಾಗಿದ್ದು, ಚುರುಕಾಗಿ ಓಡಾಡ್ತಿದ್ದರೆ ಅದನ್ನ ಅದರ ಪಾಡಿಗೆ ಬಿಡಿ. ಅದು ಕೆಲಸದಲ್ಲಿದೆ.